ಬಾಹ್ಯಾಕಾಶದಲ್ಲಿ ವಿಜ್ಞಾನಿಗಳ ಜೀವನ ಮತ್ತು ಕಾರ್ಯವಿಧಾನ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಸುಮಾರು 400 ಕಿ.ಮೀ. ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಭೂಮಿಯನ್ನು ಸುತ್ತುತ್ತಿರುವ ಪ್ರಯೋಗಾಲಯವಾಗಿರುತ್ತದೆ. ಅಮೆರಿಕ, ರಷ್ಯಾ, ಯುರೋಪ್, ಜಪಾನ್ ಮತ್ತು ಕೆನಡಾಗಳ ಬಾಹ್ಯಾಕಾಶ ಸಂಸ್ಥೆಗಳು ಇದರಲ್ಲಿ ಪಾಲುದಾರರಾಗಿರುತ್ತವೆ. 2000ನೇ ಇಸವಿಯ ನವೆಂಬರ್ 2ರಿಂದ ಇಲ್ಲಿ ಮಾನವರು ನಿರಂತರವಾಗಿ ವಾಸಿಸುತ್ತಿದ್ದಾರೆ. ಇಲ್ಲಿ ಪ್ರಯೋಗ ನಡೆಸುವವರ ದೇಹವೂ ಅಧ್ಯಯನದ ವಿಷಯವಾಗಿರುತ್ತದೆ.

ತೂಕರಹಿತ ಸ್ಥಿತಿ

ನಿಲ್ದಾಣದಲ್ಲಿ ಗುರುತ್ವಾಕರ್ಷಣೆ ಇರುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ಭೂಮಿಯ ಮೇಲಿನ ಗುರುತ್ವದ ಸುಮಾರು ಶೇ. 90ರಷ್ಟು ಅಲ್ಲಿಯೂ ಇರುತ್ತದೆ. ಆದರೆ ನಿಲ್ದಾಣ ಮತ್ತು ಅದರೊಳಗಿನ ಎಲ್ಲವೂ ಒಟ್ಟಾಗಿ ಭೂಮಿಯತ್ತ ಬೀಳುತ್ತಲೇ ಅದನ್ನು ಸುತ್ತುವುದರಿಂದ ತೂಕದ ಅನುಭವವಾಗುವುದಿಲ್ಲ.

ದಿನಚರಿ ಮತ್ತು ನಿದ್ರೆ

ನಿಲ್ದಾಣವು ಸುಮಾರು 90 ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುವುದರಿಂದ, ದಿನವೊಂದಕ್ಕೆ ಸುಮಾರು 16 ಸೂರ್ಯೋದಯಗಳು ಸಂಭವಿಸುತ್ತವೆ. ಆದ್ದರಿಂದ ದಿನಚರಿಗೆ ಗ್ರೀನ್‌ವಿಚ್ ಕಾಲಮಾನವನ್ನು ಅನುಸರಿಸಲಾಗುತ್ತದೆ. ಗೋಡೆಗೆ ಕಟ್ಟಿದ ಚೀಲದಲ್ಲಿ ನಿದ್ರಿಸಬೇಕಾಗುತ್ತದೆ. ಅಲ್ಲಿ ಬಿಸಿ ಗಾಳಿ ತಾನಾಗಿ ಮೇಲೇರದು. ಆದುದರಿಂದ ಉಸಿರಿನ ಇಂಗಾಲದ ಡೈಆಕ್ಸೈಡ್ ಮುಖದ ಸುತ್ತ ಶೇಖರವಾಗದಂತೆ ಫ್ಯಾನುಗಳ ಮೂಲಕ ಗಾಳಿಯಾಡಿಸಲಾಗುತ್ತದೆ.

ಆಹಾರ ಮತ್ತು ನೀರು

ತೇಲುವ ಚೂರುಗಳು ಉಪಕರಣಗಳಿಗೆ ಅಪಾಯಕಾರಿಯಾದುದರಿಂದ ಬ್ರೆಡ್ಡಿನ ಬದಲು ಚಪಾತಿಯಂತಹ ತೆಳು ರೊಟ್ಟಿಯನ್ನು ಬಳಸಲಾಗುತ್ತದೆ. ಉಪ್ಪು ಮತ್ತು ಕಾಳುಮೆಣಸನ್ನು ದ್ರವರೂಪದಲ್ಲಿ ಒದಗಿಸಲಾಗುತ್ತದೆ. ಮೂತ್ರ, ಬೆವರು ಹಾಗೂ ಉಸಿರಿನ ತೇವಾಂಶವನ್ನು ಶುದ್ಧೀಕರಿಸಿ ಕುಡಿಯುವ ನೀರನ್ನಾಗಿಸಲಾಗುತ್ತದೆ. ಈ ವ್ಯವಸ್ಥೆಯು 2023ರಲ್ಲಿ ಶೇ. 98ರಷ್ಟು ನೀರನ್ನು ಮರಳಿ ಪಡೆಯುವ ಗುರಿಯನ್ನು ತಲುಪಿತು.

ಆರೋಗ್ಯ ರಕ್ಷಣೆ

ದೇಹದ ಭಾರ ಹೊರುವ ಮೂಳೆಗಳು, ಸೂಕ್ತ ವ್ಯಾಯಾಮವಿಲ್ಲದಿದ್ದಲ್ಲಿ, ತಿಂಗಳಿಗೆ ಸರಾಸರಿ ಶೇ. 1ರಿಂದ 1.5ರಷ್ಟು ಸಾಂದ್ರತೆಯನ್ನು ಕಳೆದುಕೊಳ್ಳುತ್ತವೆ. ಸ್ನಾಯುಗಳೂ ಕ್ಷೀಣಿಸುತ್ತವೆ. ಇದನ್ನು ತಡೆಯಲು ಪ್ರತಿದಿನ ಸುಮಾರು ಎರಡು ಗಂಟೆಗಳನ್ನು ವ್ಯಾಯಾಮಕ್ಕೆ ಮೀಸಲಿಡಲಾಗುತ್ತದೆ. ಓಡುವಾಗ ತೇಲಿಹೋಗದಂತೆ ಪಟ್ಟಿಗಳಿಂದ ದೇಹವನ್ನು ಯಂತ್ರಕ್ಕೆ ಬಿಗಿಯಲಾಗುತ್ತದೆ. ಸಿಬ್ಬಂದಿಯ ರಕ್ತ ಮತ್ತು ಮೂತ್ರದ ಮಾದರಿಗಳನ್ನೂ ಅಧ್ಯಯನಕ್ಕಾಗಿ ಸಂಗ್ರಹಿಸಲಾಗುತ್ತದೆ. ಈ ಅಧ್ಯಯನಗಳು ವೃದ್ಧಾಪ್ಯದ ಮೂಳೆ ಸವೆತವನ್ನು ಅರಿಯಲು ಸಹ ಸಹಕಾರಿಯಾಗಿವೆ.

ಸಂಶೋಧನೆ ಮತ್ತು ಕರ್ನಾಟಕ

ಪ್ರಯೋಗಗಳನ್ನು ರೂಪಿಸುವ ವಿಜ್ಞಾನಿಗಳು ಬಹುಪಾಲು ಭೂಮಿಯಲ್ಲಿಯೇ ಇರುತ್ತಾರೆ. ನಿಲ್ದಾಣದ ಸಿಬ್ಬಂದಿಯು ಅವರ ಪರವಾಗಿ ಕೈಕೆಲಸವನ್ನು ನೆರವೇರಿಸುವುದರ ಜೊತೆಗೆ ಉಪಕರಣಗಳ ದುರಸ್ತಿಯನ್ನೂ ಮಾಡಬೇಕಾಗುತ್ತದೆ. 2025ರ ಜೂನ್ 26ರಂದು ನಿಲ್ದಾಣವನ್ನು ತಲುಪಿದ ವಾಯುಪಡೆಯ ಅಧಿಕಾರಿ ಶುಭಾಂಶು ಶುಕ್ಲಾ ಅವರು ಅಲ್ಲಿಗೆ ತೆರಳಿದ ಮೊದಲ ಭಾರತೀಯರಾಗಿರುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾಗೂ ಐಐಟಿಯ ವಿಜ್ಞಾನಿಗಳು ರೂಪಿಸಿದ ಪ್ರಯೋಗದನ್ವಯ, ಅವರು ಹೆಸರುಕಾಳು ಮತ್ತು ಮೆಂತ್ಯದ ಬೀಜಗಳಿಗೆ ನೀರುಣಿಸಿ ಮೊಳಕೆ ಬರಿಸಿದರು. ದೀರ್ಘ ಯಾನಗಳಲ್ಲಿ ತಾಜಾ ಆಹಾರ ಒದಗಿಸುವ ಸಾಧ್ಯತೆಯನ್ನು ಪರಿಶೀಲಿಸುವುದು ಇದರ ಉದ್ದೇಶವಾಗಿರುತ್ತದೆ.