ಇಂಗ್ಲಿಷ್ ಬೋಧನೆ ಮತ್ತು ಡಿಜಿಟಲ್ ತಂತ್ರಜ್ಞಾನ: ದಕ್ಷಿಣ ಬೆಂಗಳೂರು

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಜಯನಗರ, ಬಿಟಿಎಂ ಬಡಾವಣೆಗಳ ಬೋರ್ಡುಗಳಲ್ಲಿ ಇಂಗ್ಲಿಷ್ ಧಾರಾಳ; ಸರ್ಕಾರಿ ಶಾಲೆಯ ಮಕ್ಕಳ ಮನೆಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು. ಆದ್ದರಿಂದ ಇಲ್ಲಿ ತಂತ್ರಜ್ಞಾನದ ಮೊದಲ ಉಪಯೋಗ ಭಾಷೆಯನ್ನು ಕಿವಿಗೆ ಬೀಳಿಸುವುದು.

ಈ ಪ್ರದೇಶದ ಎರಡು ವಿಳಾಸಗಳು ಮುಖ್ಯ: ಬನಶಂಕರಿ 3ನೇ ಹಂತದಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ), ಜಯನಗರ 4ನೇ ಟಿ ಬ್ಲಾಕಿನ ಐಟಿ ಫಾರ್ ಚೇಂಜ್ ಸಂಸ್ಥೆ. ಇವು ಜೊತೆಗೂಡಿ ಪ್ರೌಢಶಾಲಾ ಶಿಕ್ಷಕರಿಗೆ ಮುಕ್ತ ತಂತ್ರಾಂಶದ ತರಬೇತಿ ನೀಡಿದವು; ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ವಿಕಿ ಭಂಡಾರವೂ ಬೆಳೆಯಿತು. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಶಿಕ್ಷಕಿಯೇ ಕಥೆ ಓದಿ ಧ್ವನಿಮುದ್ರಿಸಬಹುದು, ಮಕ್ಕಳಿಂದಲೂ ಓದಿಸಬಹುದು. ಕೊಂಡು ತಂದ ವಿಡಿಯೊ ಪಾಠಕ್ಕಿಂತ ಇದು ಹೆಚ್ಚು ಫಲಕಾರಿ ಎನ್ನಬೇಕು: ತಪ್ಪಿದ ಉಚ್ಚಾರವನ್ನು ಮತ್ತೆ ಕೇಳಿ ತಿದ್ದಿಕೊಳ್ಳಲು ಸಾಧ್ಯ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುವುದರಿಂದ ಎರಡನ್ನೂ ಪಕ್ಕದಲ್ಲಿಟ್ಟು ಓದಿಸಬಹುದು.

2017ರಲ್ಲಿ ಡಿಜಿಟಲ್ ಪಾಠಗಳ ‘ದೀಕ್ಷಾ’ ವೇದಿಕೆ ಬಂತು, ಆ ಪಾಠಗಳನ್ನು ತೆರೆಯಲು ಪಠ್ಯಪುಸ್ತಕಗಳಿಗೆ ಕ್ಯುಆರ್ ಕೋಡ್ ಸೇರಿತು. ಕೋವಿಡ್ ಕಾಲದಲ್ಲಿ, ಜುಲೈ 2020ರಿಂದ, ದೂರದರ್ಶನ ಚಂದನದ ‘ಸಂವೇದ’ ಪಾಠಗಳು ಸ್ಮಾರ್ಟ್‌ಫೋನ್ ಇಲ್ಲದ ಮನೆಗಳನ್ನೂ ತಲುಪಿದವು. ಆದರೆ ಟಿವಿಗೆ ಮಗುವಿನ ಮಾತು ಕೇಳಿಸದು. ಚಾಟ್‌ಜಿಪಿಟಿಯಂಥ ಸಾಧನಗಳು ಮಾತಿಗೆ ಉತ್ತರಿಸುತ್ತವೆ, ಪ್ರಬಂಧವನ್ನೂ ಬರೆದುಕೊಡುತ್ತವೆ. ಹೀಗಾಗಿ ಮನೆಗೆಲಸವಾಗಿ ಕೊಡುತ್ತಿದ್ದ ಬರವಣಿಗೆಯನ್ನು ತರಗತಿಯಲ್ಲೇ ಮಾಡಿಸಿ, ಬಾಯಿಮಾತಿನಲ್ಲಿ ಪ್ರಶ್ನಿಸುವುದು ಶಿಕ್ಷಕರಿಗೆ ಉಳಿದಿರುವ ಒಂದು ದಾರಿ.