ಹತ್ತಿಂಚಿನ ಚಕ್ರ, ಏಳಿಂಚಿನ ಬ್ರೇಕು

ಕಳೆದ ವರ್ಷ ಬೋನಸ್ ಬಂದಾಗ ನನ್ನ ತಲೇಲಿ ಓಡ್ತಿದ್ದಿದ್ದು ಒಂದೇ ಪದ: ಸ್ಟೇಜ್ ಒನ್. ಕಾರಿನ ಹುಚ್ಚಿರೋರಿಗೆ ಇದು ಗೊತ್ತು, ಇಲ್ಲದವರಿಗೆ ಹೇಳ್ತೀನಿ. ಎಂಜಿನ್ನಿನ ಒಂದು ನಟ್ಟನ್ನೂ ಬಿಚ್ಚದೆ, ಲ್ಯಾಪ್‌ಟಾಪ್ ಚುಚ್ಚಿ, ಒಳಗಿನ ಕಂಪ್ಯೂಟರಿನಲ್ಲಿರೋ ಅಂಕಿಗಳನ್ನ ತಿದ್ದಿ, ಮಲಗಿದ್ದ ಇಪ್ಪತ್ತು ಮೂವತ್ತು ಕುದುರೆಗಳನ್ನ ಎಬ್ಬಿಸೋದು. ನಾನು ಕಂಪ್ಯೂಟರ್ ಸೈನ್ಸ್ ಬಿಇ, ಅಂಕಿ ತಿದ್ದಿಯೇ ಸಂಬಳ ತಗೊಳ್ಳೋನು. ನನಗೆ ಇದಕ್ಕಿಂತ ಹಿತವಾದ ಮಾತು ಇನ್ನೇನಿದೆ? ನನ್ನದು ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ವಾರದಲ್ಲಿ ಐದು ದಿನ ಔಟರ್ ರಿಂಗ್ ರೋಡಿನಲ್ಲಿ ಆಮೆ ಥರ ತೆವಳೋ ಗಾಡಿ. ಅದಕ್ಕೆ 35 ಸಾವಿರ ಸುರಿದೆ. ಮೊದಲನೇ ದಿನ ನೈಸ್ ರೋಡಲ್ಲಿ ಆಕ್ಸಿಲರೇಟರ್ ಒತ್ತಿದಾಗ ಬೆನ್ನು ಸೀಟಿಗೆ ಅಂಟಿಕೊಳ್ತು. ಕೊಟ್ಟ ದುಡ್ಡು ವಸೂಲಾಯ್ತು ಅಂದ್ಕೊಂಡೆ.

ಮೂರು ವಾರ ಆದ್ಮೇಲೆ ಹೆಂಡತಿ, ಮಗಳ ಜೊತೆ ಧರ್ಮಸ್ಥಳಕ್ಕೆ ಹೊರಟೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಹೊಸ ಶಕ್ತಿಯ ಹುಮ್ಮಸ್ಸು. ನೇರ ರಸ್ತೆ ಸಿಕ್ಕಲ್ಲೆಲ್ಲ ಎಳೆಯೋದು, ತಿರುವು ಬಂದ ಕೂಡಲೇ ಬ್ರೇಕ್ ತುಳಿಯೋದು. ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಪೆಡಲ್ ಮೆತ್ತಗಾಯ್ತು. ಅದರ ಮುಂದಿನ ತಿರುವಿಗೆ ಪೆಡಲ್ ನೆಲ ಮುಟ್ತು. ಎದುರಿಗೆ ಕೆಂಪು ಬಸ್ಸು. ಎರಡು ಸಲ ಪಂಪ್ ಮಾಡಿ, ಸೆಕೆಂಡ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದೆ. ಬಸ್ಸಿನ ಹಿಂದೆ ಒಂದು ಮೊಳ ಜಾಗ ಬಿಟ್ಟು ಗಾಡಿ ನಿಲ್ತು. ಮಗಳು ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತಿದ್ಲು, ಅವಳಿಗೆ ಏನೂ ಗೊತ್ತಾಗ್ಲಿಲ್ಲ. ಹೆಂಡತಿಗೆ ಎಲ್ಲಾ ಗೊತ್ತಾಯ್ತು, ಆದ್ರೆ ಏನೂ ಮಾತಾಡ್ಲಿಲ್ಲ. ಅದೇ ಹೆಚ್ಚು ಭಯ.

ಕೆಳಗೆ ಊರಲ್ಲಿ ಮೆಕ್ಯಾನಿಕ್ ಒಬ್ಬರು ಬ್ರೇಕ್ ಆಯಿಲ್ ತೆಗೆದು ತೋರಿಸಿದ್ರು. ಕಾಫಿ ಡಿಕಾಕ್ಷನ್ ಬಣ್ಣ. ಹಳೇ ಓನರ್ ಯಾವಾಗ ಬದಲಾಯಿಸಿದ್ರೋ, ನಾನಂತೂ ಬಾನೆಟ್ ಕೆಳಗೆ ಆ ಡಬ್ಬಿಯ ಕಡೆ ತಿರುಗಿಯೂ ನೋಡಿರ್ಲಿಲ್ಲ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಮಾನದಂಡ, ನೀರು ಹೀರಿಕೊಂಡ ಮೇಲೆ ಅದೇ ಕನಿಷ್ಠ 155ಕ್ಕೆ ಇಳಿಯುತ್ತೆ. ಫ್ಲೂಯಿಡ್ ಕುದ್ರೆ ಪೈಪಿನೊಳಗೆ ಆವಿಯ ಗುಳ್ಳೆ. ನೀವು ತುಳಿದ ಬಲವೆಲ್ಲ ಆ ಗುಳ್ಳೆ ಹಿಂಡೋಕೇ ಖರ್ಚು.

ಆ ರಾತ್ರಿ ರೂಮಲ್ಲಿ ನಿದ್ದೆ ಹತ್ತಲಿಲ್ಲ. ಕಡಿಮೆ ದುಡ್ಡಲ್ಲಿ ದಿನಬಳಕೆಯ ಕಾರನ್ನ ಚುರುಕು ಮಾಡೋ ಈ ಚಟ ನನ್ನೊಬ್ಬನದಲ್ಲ ತಾನೇ, ನಮಗಿಂತ ಮುಂಚಿನೋರು ಯಾವುದನ್ನ ಮೊದಲು ಮಾಡ್ತಿದ್ರು, ಯಾವುದನ್ನ ಆಮೇಲೆ ಅಂತ ಹುಡುಕ್ತಾ ಹೋದೆ. 'ಸ್ಟೇಜ್ ಒನ್ ಕಿಟ್' ಅನ್ನೋ ಹೆಸರಲ್ಲಿ ಬಿಡಿಭಾಗ ಮಾರ್ತಿದ್ದ ಒಂದು ಹಳೇ ಪುಟಾಣಿ ಕಾರು ಸಿಕ್ತು. ಬ್ರಿಟನ್ನಿನ ಮಿನಿ.

ಮಿನಿ ಹುಟ್ಟಿದ್ದು ವೇಗಕ್ಕಲ್ಲ, ಉಳಿತಾಯಕ್ಕೆ. 1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟು ಬಂತು, ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಹಾಕಿದ್ರು. ಜರ್ಮನಿಯ ಮೊಟ್ಟೆಯಾಕಾರದ ಬಬಲ್ ಕಾರುಗಳು ಬೀದಿ ತುಂಬ ಓಡಾಡೋಕೆ ಶುರುವಾದ್ವು. ಬಿಎಂಸಿ ಕಂಪನಿಯ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್‌ಗೆ ಅವನ್ನ ಕಂಡ್ರೆ ಮೈಯೆಲ್ಲಾ ಉರಿ. ಒಂದು ಸರಿಯಾದ ಸಣ್ಣ ಕಾರು ಮಾಡು ಅಂತ ಅಲೆಕ್ ಇಸಿಗೋನಿಸ್‌ಗೆ ಹೇಳಿದ. ಇಸಿಗೋನಿಸ್ ಎಂಜಿನ್ನನ್ನ ಅಡ್ಡಡ್ಡ ಮಲಗಿಸಿ, ಗೇರ್‌ಬಾಕ್ಸನ್ನ ಅದರ ಹೊಟ್ಟೆಯ ಕೆಳಗೆ ತುರುಕಿ, ಹತ್ತಡಿ ಉದ್ದದ ಕಾರಿನಲ್ಲಿ ನಾಲ್ಕು ಜನ ಕೂರೋ ಹಾಗೆ ಮಾಡಿದ. ಜಾಗ ಉಳಿಸೋಕೆ ಚಕ್ರ ಬರೀ 10 ಇಂಚು. 1959ರ ಆಗಸ್ಟ್ 26ಕ್ಕೆ ಕಾರು ಹೊರಬಂತು.

ಇಲ್ಲೊಂದು ತಮಾಷೆ ಇದೆ. ಪರೀಕ್ಷೆಗೆ ಮಾಡಿದ ಮೊದಲ ಗಾಡಿಗಳಲ್ಲಿ 948 ಸಿಸಿ ಎಂಜಿನ್ ಇತ್ತು, ಗಂಟೆಗೆ 90 ಮೈಲಿ ಓಡ್ತಿತ್ತು. ಸಂಸಾರಸ್ಥರ ಕಾರಿಗೆ ಇದು ಅತಿಯಾಯ್ತು ಅಂತ ಎಂಜಿನ್ನನ್ನ 848 ಸಿಸಿಗೆ ಇಳಿಸಿದ್ರು. ಶಕ್ತಿ 34 ಕುದುರೆ, ವೇಗ 72 ಮೈಲಿ, ಅಂದ್ರೆ ಸುಮಾರು 116 ಕಿಲೋಮೀಟರ್. ಕಂಪನಿಯೇ ಬೇಕಂತ ಕಟ್ಟಿಹಾಕಿದ ಕಾರು ಇದು. ಇವತ್ತು ನಮ್ಮ ಟರ್ಬೊ ಕಾರುಗಳಲ್ಲಿ ಸಾಫ್ಟ್‌ವೇರಿನಿಂದ ಕಟ್ಟಿಹಾಕ್ತಾರೆ, ಅವತ್ತು ಕಬ್ಬಿಣದಲ್ಲಿ ಕಟ್ಟಿಹಾಕಿದ್ರು. ಹಗ್ಗ ಬಿಚ್ಚೋ ಆಸೆ ಎರಡು ಕಾಲಕ್ಕೂ ಒಂದೇ.

ಬಿಚ್ಚಿದವನು ಜಾನ್ ಕೂಪರ್. ಸರ್ಬಿಟನ್ ಅನ್ನೋ ಊರಲ್ಲಿ ಅಪ್ಪನ ಜೊತೆ ಗ್ಯಾರೇಜಿಟ್ಟುಕೊಂಡು ರೇಸ್ ಕಾರು ಕಟ್ತಿದ್ದವನು. ಎಂಜಿನ್ನನ್ನ ಹಿಂದೆ ಇಟ್ಟ ಅವನ ಕಾರುಗಳು 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ಗೆದ್ದವು, ಓಡಿಸಿದವನು ಜ್ಯಾಕ್ ಬ್ರಾಭಮ್. ಇಂಥವನು ಮಿನಿ ಓಡಿಸಿ ನೋಡಿದ, ತಿರುವಿನಲ್ಲಿ ಅದು ರಸ್ತೆಗೆ ಅಂಟಿಕೊಳ್ಳೋದು ಕಂಡು ಮರುಳಾದ. ಇದರ ಸ್ಪೋರ್ಟ್ಸ್ ಮಾದರಿ ಮಾಡೋಣ ಅಂದ್ರೆ ಇಸಿಗೋನಿಸ್ ಒಪ್ಪಲಿಲ್ಲ, ಅವನ ಪ್ರಕಾರ ಅದು ಜನಸಾಮಾನ್ಯರ ಕಾರು. ಕೂಪರ್ ಇನ್ನೂ ಮೇಲಕ್ಕೆ, ಜಾರ್ಜ್ ಹ್ಯಾರಿಮನ್ ಹತ್ತಿರ ಹೋದ. ಸಾವಿರ ಕಾರು ಮಾಡಿ ನೋಡೋಣ ಅನ್ನೋ ಒಪ್ಪಂದ ಆಯ್ತು. ಕಾರಿಗೆ ಎರಡು ಪೌಂಡಿನಂತೆ ಕೂಪರನಿಗೆ ರಾಯಲ್ಟಿ ಅಂತ ಕತೆ.

1961ರ ಮಿನಿ ಕೂಪರ್‌ನಲ್ಲಿ ಏನೇನು ಬದಲಾಯ್ತು ನೋಡಿ. ಎಂಜಿನ್ 997 ಸಿಸಿ, ಒಂದು ಕಾರ್ಬುರೇಟರ್ ಇದ್ದ ಕಡೆ ಎರಡು, ಶಕ್ತಿ 55 ಕುದುರೆ. ವೇಗ ಸುಮಾರು 85 ಮೈಲಿ. ಅದರ ಜೊತೆಗೇ, ಅದೇ ದಿನ, ಅದೇ ಬೆಲೆಯಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು. ಆ ಗಾತ್ರದ ಕಾರಿನಲ್ಲಿ ಡ್ರಮ್ ಬ್ರೇಕೇ ಮಾಮೂಲಾಗಿದ್ದ ಕಾಲ ಅದು. ಚಕ್ರವೇ 10 ಇಂಚು, ಅದರೊಳಗೆ ಡಿಸ್ಕ್ ಕೂರಿಸಬೇಕು ಅಂದ್ರೆ 7 ಇಂಚಿಗಿಂತ ದೊಡ್ಡದು ಕಷ್ಟ. ಲಾಕ್‌ಹೀಡ್ ಕಂಪನಿ ಆ ಪುಟ್ಟ ಡಿಸ್ಕ್ ಮಾಡಿಕೊಡ್ತು.

ಚಾರ್ಮಾಡಿ ಆದ್ಮೇಲೆ ಇದನ್ನ ಓದಿದ್ದಕ್ಕೋ ಏನೋ, ನಾನು ಫೋನಲ್ಲೇ ಲೆಕ್ಕ ಹಾಕಿದೆ. ಓಡೋ ಕಾರನ್ನ ನಿಲ್ಲಿಸೋದು ಅಂದ್ರೆ ಅದರ ಚಲನಶಕ್ತಿಯನ್ನೆಲ್ಲ ಬಿಸಿಯಾಗಿ ಬದಲಾಯಿಸೋದು. ಆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 72ರಿಂದ 85 ಮೈಲಿ ಅಂದ್ರೆ ವೇಗದಲ್ಲಿ ಶೇಕಡಾ 18 ಹೆಚ್ಚು, ಆದ್ರೆ ಬ್ರೇಕು ನುಂಗಬೇಕಾದ ಬಿಸಿ ಸುಮಾರು ಶೇಕಡಾ 40 ಹೆಚ್ಚು. ಪಿಯುಸಿಯಲ್ಲಿ ಇದೇ ಸೂತ್ರ ಬರೆದು ಮಾರ್ಕ್ಸ್ ತಗೊಂಡಿದ್ದೆ. 35 ಸಾವಿರ ಕೊಡುವಾಗ ಅದು ಎಲ್ಲಿ ಹೋಗಿತ್ತೋ.

ಹಾಗಂತ ಕೂಪರ್ ಮೊದಲನೇ ಏಟಿಗೇ ಗೆದ್ದುಬಿಟ್ಟ ಅಂತಲೂ ಅಲ್ಲ. ಆ 7 ಇಂಚಿನ ಡಿಸ್ಕ್ ಹೆಸರಿಗೆ ಡಿಸ್ಕ್, ಕೆಲಸದಲ್ಲಿ ಅಷ್ಟಕ್ಕಷ್ಟೆ ಅಂತ ಓಡಿಸಿದವರೇ ಗೊಣಗಿದ್ರು. 1963ರಲ್ಲಿ ಕೂಪರ್ ಎಸ್ ಬಂದಾಗ ಎಂಜಿನ್ 1071 ಸಿಸಿ, ಶಕ್ತಿ 70 ಕುದುರೆ. ಆಗಲೂ ಬ್ರೇಕು ಜೊತೆಗೇ ಬೆಳೀತು: 7.5 ಇಂಚಿನ ದಪ್ಪ ಡಿಸ್ಕು, ಕಾಲಿನ ಬಲ ಹೆಚ್ಚಿಸೋ ಸರ್ವೊ, ಗಾಳಿಯಾಡೋಕೆ ತೂತು ಕೊರೆದ ಚಕ್ರ. ಎರಡೂ ಸಲ ಎಂಜಿನ್ನಿನ ಪಕ್ಕದಲ್ಲೇ ಬ್ರೇಕಿನ ಲೆಕ್ಕವೂ ಬರೆದಿದ್ದಾರೆ.

ನಮ್ಮೂರಿನ ಗಾಡಿ ನೆನಪಾಯ್ತು. ಅರಸೀಕೆರೆ ಕಡೆ ನಮ್ಮದು, ತೆಂಗಿನಕಾಯಿ ತುಂಬಿದ ಎತ್ತಿನ ಗಾಡಿ ಕೆರೆ ಏರಿಯಿಂದ ಇಳಿಸಬೇಕಿತ್ತು. ತಾತ ಹೊರಡೋ ಮುಂಚೆ ಮೊದಲು ಅಚ್ಚಿಗೆ ಕೀಲೆಣ್ಣೆ ಹಾಕೋರು, ಆಮೇಲೆ ಗಾಡಿಯ ಹಿಂದೆ ಹಗ್ಗದಲ್ಲಿ ಕಟ್ಟಿದ್ದ ಮರದ ತೊಲೆಯನ್ನ ಎಳೆದೆಳೆದು ನೋಡೋರು. ಇಳಿಜಾರಲ್ಲಿ ಅದು ಚಕ್ರದ ಪಟ್ಟಿಗೆ ಉಜ್ಜಿ ಹಿಡೀಬೇಕು. ಎತ್ತಿಗೆ ನೊಗ ಹೂಡೋದು ಕೊನೇಗೆ. ನಾನು ಎತ್ತಿನ ಕೊಂಬಿಗೆ ಬಣ್ಣ ಬಳಿಯೋ ಸಂಭ್ರಮದಲ್ಲಿ ಇರ್ತಿದ್ದೆ.

ಈಗ ಸ್ಟೇಜ್ ಒನ್ ವಿಷಯ. ಮಿನಿಯ ಎಂಜಿನ್ನಿಗೆ ಎ-ಸೀರೀಸ್ ಅಂತ ಹೆಸರು. ಅದರ ತಲೆಯಲ್ಲಿ ಒಂದು ಹುಟ್ಟುಕುಂಟು ಇತ್ತು. ನಾಲ್ಕು ಸಿಲಿಂಡರಿಗೆ ಒಟ್ಟು ಐದೇ ದಾರಿ. ಗಾಳಿ ಒಳಗೆ ಹೋಗೋಕೆ ಎರಡು ಸಿಲಿಂಡರಿಗೆ ಒಂದರಂತೆ ಎರಡು ಬಾಗಿಲು, ಹೊಗೆ ಹೊರಗೆ ಬರೋಕೆ ಮೂರು, ಅದರಲ್ಲೂ ನಡುವಿನ ಇಬ್ಬರಿಗೆ ಒಂದೇ ಬಾಗಿಲು. ವಠಾರದಲ್ಲಿ ಎರಡು ಮನೆಗೆ ಒಂದು ನಲ್ಲಿ ಕೊಟ್ಟ ಹಾಗೆ. ಒಬ್ಬರು ನೀರು ಹಿಡಿದ್ರೆ ಇನ್ನೊಬ್ಬರಿಗೆ ಸಣ್ಣಗೆ ಬರುತ್ತೆ.

ವಿಲ್ಟ್‌ಶೈರಿನ ಡೌಂಟನ್ ಅನ್ನೋ ಹಳ್ಳಿಯಲ್ಲಿ ಡ್ಯಾನಿಯಲ್ ರಿಚ್‌ಮಂಡ್ ಅಂತ ಒಬ್ಬ, ಹೆಂಡತಿ ಬಂಟಿ ಜೊತೆ ಸೇರಿ ಈ ಕುಂಟನ್ನೇ ಕಸುಬು ಮಾಡಿಕೊಂಡ. ಆ ದಾರಿಗಳನ್ನ ಒಳಗಿನಿಂದ ಉಜ್ಜಿ, ಮೂಲೆಗಳನ್ನ ದುಂಡಗೆ ಮಾಡಿ, ಪೆಟ್ರೋಲ್ ಉರಿಯೋ ಗುಳಿಯ ಆಕಾರ ತಿದ್ದಿ, ಅದೇ ಎಂಜಿನ್ನಿನಿಂದ ಇನ್ನಷ್ಟು ಶಕ್ತಿ ಹಿಂಡ್ತಿದ್ದ. ಹೊಸದೇನೂ ಸೇರಿಸದೆ ಅಡ್ಡಿ ತೆಗೆಯೋ ಕೆಲಸ. ಕೊನೆಗೆ ಬಿಎಂಸಿಯೇ ಅವನನ್ನ ಸಲಹೆಗಾರನನ್ನಾಗಿ ಇಟ್ಟುಕೊಳ್ತು. ಹಳ್ಳಿ ಗ್ಯಾರೇಜಿನವನ ಹತ್ತಿರ ಕಂಪನಿಯ ಎಂಜಿನಿಯರುಗಳು ಬಂದ್ರು ಅನ್ನೋ ಈ ಭಾಗ ಓದಿದಾಗ ನನಗೆ, ಹಳ್ಳಿಯಿಂದ ಬಂದೋನಿಗೆ, ಸ್ವಲ್ಪ ಖುಷಿ ಆಯ್ತು ಅಂತ ಒಪ್ಕೋತೀನಿ.

ತಲೆ ಬಿಚ್ಚಿ ಉಜ್ಜಿಸೋಕೆ ದುಡ್ಡಿಲ್ಲದವರಿಗೆ ಸ್ಟೇಜ್ ಒನ್ ಕಿಟ್. ಅದರಲ್ಲಿ ಮೂರೇ ಸಾಮಾನು: ಗಾಳಿ ಸಲೀಸಾಗಿ ಬಿಡೋ ಫಿಲ್ಟರ್, ಹೊಗೆ ಸಲೀಸಾಗಿ ಬಿಡೋ ಎಕ್ಸಾಸ್ಟ್, ಮತ್ತೆ ಕಾರ್ಬುರೇಟರಿಗೆ ಒಂದು ಹಿತ್ತಾಳೆ ಸೂಜಿ. ಮೊದಲ ಎರಡು ಕಣ್ಣಿಗೆ ಕಾಣುತ್ತೆ, ಕಿವಿಗೆ ಕೇಳುತ್ತೆ, ಗೆಳೆಯರಿಗೆ ತೋರಿಸಬಹುದು. ಆದ್ರೆ ಕಿಟ್ಟಿನ ಜೀವ ಇರೋದು ಸೂಜಿಯಲ್ಲಿ. ಎಸ್‌ಯು ಕಾರ್ಬುರೇಟರಿನಲ್ಲಿ ಎಂಜಿನ್ ಹೆಚ್ಚು ಗಾಳಿ ಎಳೆದಷ್ಟೂ ಒಂದು ಪಿಸ್ಟನ್ ಮೇಲೇಳುತ್ತೆ. ಅದಕ್ಕೆ ಅಂಟಿಕೊಂಡ ಸೂಜಿ ರಂಧ್ರದಿಂದ ಮೇಲೆ ಬಂದಷ್ಟೂ, ತುದಿ ಸಪೂರ ಇರೋದ್ರಿಂದ, ಪೆಟ್ರೋಲಿಗೆ ಜಾಗ ಹೆಚ್ಚುತ್ತೆ. ಸೂಜಿಯ ದಪ್ಪವನ್ನ ಇಂಚಿನ ಎಂಟನೇ ಒಂದು ಭಾಗಕ್ಕೊಮ್ಮೆ ಅಳೆದು ಪಟ್ಟಿ ಮಾಡಿರ್ತಾರೆ. ಸಾಫ್ಟ್‌ವೇರಿನವರಿಗೆ ಬೇರೆ ಹೇಳಬೇಕಾ? ಅದು ಲುಕ್‌ಅಪ್ ಟೇಬಲ್! ಇಷ್ಟು ಗಾಳಿಗೆ ಇಷ್ಟು ಪೆಟ್ರೋಲು ಅನ್ನೋ ಕೋಷ್ಟಕವನ್ನ ಹಿತ್ತಾಳೆಯಲ್ಲಿ ಕಡೆದಿದ್ದಾರೆ ಅಷ್ಟೆ. ಫಿಲ್ಟರು, ಎಕ್ಸಾಸ್ಟು ಬದಲಾಯಿಸಿ ಸೂಜಿ ಹಳೇದೇ ಬಿಟ್ರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗಿ ಪಿಸ್ಟನ್ನಿಗೇ ಕುತ್ತು. ನನ್ನ 35 ಸಾವಿರದ ಲ್ಯಾಪ್‌ಟಾಪ್ ಕೆಲಸ ಅಂದ್ರೆ ಇದೇ ಸೂಜಿ ಬದಲಾವಣೆ, ಜೊತೆಗೆ ಟರ್ಬೊ ಒತ್ತಡ ಸ್ವಲ್ಪ ಹೆಚ್ಚು.

ಇಷ್ಟೆಲ್ಲ ಮಾಡಿದ ಪುಟ್ಟ ಕಾರಿಗೆ ದೊಡ್ಡ ಹೆಸರು ಬಂದಿದ್ದು ಘಾಟಿ ರಸ್ತೆಯಲ್ಲೇ. 1964ರ ಮಾಂಟೆ ಕಾರ್ಲೊ ರ್‍ಯಾಲಿ, ಆಲ್ಪ್ಸ್ ಬೆಟ್ಟದ ತಿರುವುಗಳು, ಮಂಜುಗಡ್ಡೆ. ಪ್ಯಾಡಿ ಹಾಪ್‌ಕಿರ್ಕ್ ಓಡಿಸಿದ ಕೂಪರ್ ಎಸ್‌ಗೆ ಎದುರಾಳಿ ಫೋರ್ಡ್ ಫಾಲ್ಕನ್, ಎಂಜಿನ್ ಮಿನಿಯದಕ್ಕಿಂತ ನಾಲ್ಕು ಪಟ್ಟಿಗೂ ದೊಡ್ಡದು. ಏರಿನಲ್ಲಿ ಅದರ ಜೊತೆ ಮಿನಿಗೆ ಆಗೋ ಮಾತಲ್ಲ. ಸಣ್ಣ ಎಂಜಿನ್ನಿಗೆ ರಿಯಾಯಿತಿ ಕೊಡೋ ಲೆಕ್ಕಾಚಾರವೂ ಆಗ ಇತ್ತು, ಅದನ್ನ ಮುಚ್ಚಿಡಬಾರದು. ಆದ್ರೆ ಇಳಿಜಾರಿನಲ್ಲಿ, ಜಾರೋ ತಿರುವಿನಲ್ಲಿ ಹಗುರ ಮೈಯ ಮಿನಿ ಕಳಕೊಂಡಿದ್ದನ್ನ ವಾಪಸ್ ತಗೊಳ್ತು. ಗೆದ್ದಿದ್ದು ಮಿನಿ. 1965ರಲ್ಲಿ, 1967ರಲ್ಲಿ ಮತ್ತೆ ಗೆಲ್ತು. 1966ರಲ್ಲಿ ಮೊದಲ ಮೂರೂ ಸ್ಥಾನ ಮಿನಿಗಳದ್ದೇ ಆಗಿತ್ತು, ಹೆಡ್‌ಲೈಟ್ ನಿಯಮದ ತಕರಾರು ತೆಗೆದು ಹೊರಗೆ ಹಾಕಿದ್ರು. ಆ ಜಗಳ ಇವತ್ತಿಗೂ ಮುಗಿದಿಲ್ಲ.

ಬೆಂಗಳೂರಿಗೆ ವಾಪಸ್ ಬಂದ್ಮೇಲೆ ಎಕ್ಸೆಲ್ ಶೀಟ್ ತೆಗೆದೆ, ಕ್ರಮ ತಲೆಕೆಳಗು ಮಾಡಿದೆ. ಮೊದಲ ಸಾಲು ಬ್ರೇಕ್ ಫ್ಲೂಯಿಡ್, ಕೆಲಸ ಸೇರಿ ಸಾವಿರದ ಐನೂರು ರೂಪಾಯಿ. ಇಡೀ ಪಟ್ಟಿಯಲ್ಲಿ ಅತಿ ಅಗ್ಗದ್ದು, ಬಸ್ಸಿನ ಹಿಂದೆ ನನಗೆ ಬೇಕಾಗಿದ್ದದ್ದು ಅದೊಂದೇ. ಆಮೇಲೆ ಒಳ್ಳೇ ಪ್ಯಾಡು, ಆರು ಸಾವಿರ. ಆಮೇಲೆ ಟೈರು, ನಾಲ್ಕಕ್ಕೆ 28 ಸಾವಿರ. ಅಗಲ ಹೆಚ್ಚಿಸಲಿಲ್ಲ, ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೇ ಹಿಡಿತದ್ದು. ಮಳೆಯಲ್ಲಿ ಹೆಬ್ಬಾಳ ಫ್ಲೈಓವರ್ ಇಳಿಯುವಾಗ ಈ 28 ಸಾವಿರ ದಿನಾ ಗೊತ್ತಾಗುತ್ತೆ, ಆ 35 ಸಾವಿರ ಗೊತ್ತಾಗ್ತಿದ್ದದ್ದು ತಿಂಗಳಿಗೊಂದು ಸಲ. ಜೋರು ಸದ್ದಿನ ಎಕ್ಸಾಸ್ಟ್ ಪಟ್ಟಿಯಲ್ಲಿತ್ತು, ಅಳಿಸಿದೆ.

ರೀಮ್ಯಾಪ್ ಕತೆ ಏನಾಯ್ತು ಅಂದ್ರಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಅಪಘಾತ ಆಗಿ ಇನ್ಶೂರೆನ್ಸ್‌ನವರು ಇದನ್ನೇ ಹಿಡ್ಕೊಂಡ್ರೆ ಏನು ಅಂತ ಹೆಂಡತಿ ಕೇಳಿದ್ಲು. ಇದನ್ನೂ ನಾನು ಓದಿದ್ದು ಚಾರ್ಮಾಡಿ ಆದ್ಮೇಲೆ. ಹಳೇ ಫೈಲಿನ ಬ್ಯಾಕಪ್ ಇಟ್ಟಿದ್ದೆ, ಅಭ್ಯಾಸಬಲ. ಒಂದು ಶನಿವಾರ ಹೋಗಿ ಅದನ್ನೇ ವಾಪಸ್ ಹಾಕಿಸಿಕೊಂಡು ಬಂದೆ. ಕುದುರೆಗಳು ಮತ್ತೆ ಮಲಗಿದ್ವು. ಬೇಜಾರಾಗ್ಲಿಲ್ಲ ಅಂದ್ರೆ ಸುಳ್ಳು.

ಮೊನ್ನೆ ದಸರಾ ರಜೆಯಲ್ಲಿ ಅದೇ ದಾರೀಲಿ ಹೋದ್ವಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಘಾಟಿ ಶುರುವಾಗೋ ಮುಂಚೆಯೇ ಸೆಕೆಂಡ್ ಗೇರಿಗೆ ಹಾಕಿದೆ. ಪೆಡಲ್ ಕೊನೇ ತಿರುವಿನವರೆಗೂ ಕಲ್ಲಿನ ಹಾಗೆ ಗಟ್ಟಿ ಇತ್ತು. ಕೆಳಗೆ ಬಂದ್ಮೇಲೆ ಹೆಂಡತಿ ಕೇಳಿದ್ಲು, ಇದಕ್ಕೆಲ್ಲ ಎಷ್ಟು ಖರ್ಚು ಮಾಡ್ದೆ ಅಂತ. ಸಾವಿರದ ಐನೂರು ಅಂದೆ. ಟೈರಿನ ವಿಷಯ ಅವಳಿಗೆ ಇನ್ನೂ ಹೇಳಿಲ್ಲ.