ಪಿಚಿಚಿಯ ಸ್ಥಾನನಿರ್ಣಯ: ಬ್ರಸೆಲ್ಸಿನ ತಂಡದ ಪಟ್ಟಿಯೊಂದರ ಪುನರ್ವಿಚಾರ

ಪಿಚಿಚಿ ಎಂಬ ಅಡ್ಡಹೆಸರಿನಿಂದಲೇ ಲೋಕಪ್ರಸಿದ್ಧನಾದ, ಬಿಲ್ಬಾವೊ ನಗರದ ರಾಫಾಯೆಲ್ ಮೊರೆನೊ ಅರಾಂಥಾದಿಯನ್ನು (1892–1922) ಕುರಿತು ಬರೆದವರಲ್ಲಿ ಹೆಚ್ಚಿನವರು ಆತನ ಹೆಸರಿನ ಪಾರಿತೋಷಕವನ್ನು ಮೊದಲು ಕಂಡು ಆಟಗಾರನನ್ನು ಆಮೇಲೆ ಕಂಡವರು. ಲೀಗಿನಲ್ಲಿ ಅತ್ಯಧಿಕ ಗೋಲು ಹೊಡೆದವನಿಗೆಂದು 'ಮಾರ್ಕಾ' ಪತ್ರಿಕೆ ಆ ಪಾರಿತೋಷಕವನ್ನು ಸ್ಥಾಪಿಸಿದ್ದು 1952–53ರ ಋತುವಿನಲ್ಲಿ. ಸ್ಪೇನಿನ ಲೀಗಾದರೋ ಆರಂಭವಾದುದು 1929ರಲ್ಲಿ, ಪಿಚಿಚಿ ತೀರಿಕೊಂಡ ಏಳು ವರ್ಷಗಳ ತರುವಾಯ. ಕಾಲಕ್ರಮದ ಈ ಸಂಗತಿಯನ್ನು ಒಪ್ಪಿಕೊಂಡವರೇ ಮರುವಾಕ್ಯದಲ್ಲಿ ಆತನನ್ನು ಗೋಲಿನೆದುರು ಹೊಂಚಿ ನಿಂತ ಸೆಂಟರ್ ಫಾರ್ವರ್ಡ್ ಎಂದು ಚಿತ್ರಿಸುವರು. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನ ಐದು ಪಂದ್ಯಗಳಲ್ಲಿ ಆತ ಹೊಡೆದುದು ಒಂದೇ ಗೋಲೆಂಬುದನ್ನು ಹಿಡಿದು, ಆ ವೇಳೆಗೆ ಆತನ ಶಕ್ತಿ ಉಡುಗಿತ್ತೆಂದೂ ತೀರ್ಪುಕೊಡುವರು.

ಈ ತೀರ್ಪಿಗೆ ವಿರುದ್ಧವಾದ ಸಾಕ್ಷ್ಯ ಎಲ್ಲರ ಕೈಯಲ್ಲಿಯೂ ಇದೆ. ಎಲ್ಲರೂ ಅದನ್ನು ನಕಲು ಮಾಡಿದ್ದಾರೆ, ಓದಿದವರು ವಿರಳ. ಆ ಒಲಿಂಪಿಕ್ಸಿನ ಅಂಗವಾಗಿ 1920ರ ಆಗಸ್ಟ್ 28ರಂದು ಬ್ರಸೆಲ್ಸಿನಲ್ಲಿ ಡೆನ್ಮಾರ್ಕಿನೆದುರು ಸ್ಪೇನ್ ತನ್ನ ಪ್ರಪ್ರಥಮ ಅಂತಾರಾಷ್ಟ್ರೀಯ ಪಂದ್ಯವನ್ನಾಡಿದಾಗ ಕಣಕ್ಕಿಳಿದ ತಂಡವನ್ನು ರೂಢಿಯಾಗಿ ಹೀಗೆ ನಮೂದಿಸುವರು: ಥಾಮೋರಾ, ಒತೆರೊ, ಅರ್ರಾತೆ, ಸಾಮಿತಿಯೆರ್, ಬೆಲೌಸ್ತೆ, ಎಗಿಯಾಥಾಬಾಲ್, ಪಗಾಥಾ, ಸೆಸೂಮಗಾ, ಪಾತ್ರಿಥಿಯೊ, ಪಿಚಿಚಿ, ಅಥೆದೊ. ಇಬ್ಬರು ಬ್ಯಾಕ್‌ಗಳು, ಮೂವರು ಹಾಫ್‌ಗಳು, ಐವರು ಫಾರ್ವರ್ಡ್‌ಗಳು ಎಂಬ ಅಂದಿನ ವ್ಯೂಹದಲ್ಲಿ ಪ್ರತಿಯೊಂದು ಸಾಲನ್ನೂ ಬಲದಿಂದ ಎಡಕ್ಕೆ ಬರೆಯುತ್ತಿದ್ದುದರಿಂದ, ಫಾರ್ವರ್ಡ್‌ಗಳಲ್ಲಿ ನಾಲ್ಕನೆಯವನಾದ ಪಿಚಿಚಿ ಇನ್‌ಸೈಡ್ ಲೆಫ್ಟ್ ಆಗಿದ್ದನೆಂಬುದು ನಿರ್ವಿವಾದ. ಈ ಕ್ರಮವು ಆಕಸ್ಮಿಕವಾಗಿರಬಾರದೇಕೆ ಎಂಬ ಆಕ್ಷೇಪಕ್ಕೆ ಪಟ್ಟಿಯೇ ಸಮಾಧಾನ ಹೇಳುತ್ತದೆ: ಆಕಸ್ಮಿಕವಾಗಿದ್ದಲ್ಲಿ ಸೆಂಟರ್ ಹಾಫ್ ಬೆಲೌಸ್ತೆ ಮೂವರ ನಟ್ಟನಡುವೆಯೂ, ಎಡ ಅಂಚಿನ ಆಟಗಾರ ಅಥೆದೊ ಕಟ್ಟಕಡೆಗೂ ಬಂದು ನಿಲ್ಲುತ್ತಿರಲಿಲ್ಲ. ಐವರ ನಡುವಿನ ಸ್ಥಾನ ಪಾತ್ರಿಥಿಯೊವಿನದು. ಆ ದಿನದ ಏಕಮಾತ್ರ ಗೋಲೂ ಆತನದೇ.

ಇನ್‌ಸೈಡ್ ಲೆಫ್ಟ್ ಎಂದರೆ ಅಂದು ಏನೆಂಬುದನ್ನು ಇಂದಿನ ನಿಯಮಗಳಿಂದ ಅಳೆಯಲಾಗದು. 1925ರವರೆಗೆ ಜಾರಿಯಲ್ಲಿದ್ದ ಆಫ್‌ಸೈಡ್ ನಿಯಮದ ಪ್ರಕಾರ, ಚೆಂಡಿಗಿಂತ ಮುಂದೆ ನಿಂತವನಿಗೂ ಎದುರಾಳಿಯ ಗೋಲುಗೆರೆಗೂ ನಡುವೆ ಮೂವರಾದರೂ ಎದುರಾಳಿಗಳಿರಬೇಕಾಗಿದ್ದಿತು. ಆದಕಾರಣ ಮುಂದೆ ನಿಂತು ಕಾಯುವುದಕ್ಕಿಂತ ಚೆಂಡನ್ನು ಕಾಲಲ್ಲಿಟ್ಟುಕೊಂಡು ನುಸುಳಿ ಬರುವವನಿಗೆ ಬೆಲೆ ಹೆಚ್ಚಾಗಿದ್ದಿತು. ಸುಮಾರು ಐದಡಿಯ ಕುಳ್ಳ ದೇಹದ ಪಿಚಿಚಿಗೆ ಈ ಕೆಲಸ ಹೇಳಿ ಮಾಡಿಸಿದಂತಿದ್ದಿತು. ಆ ಒಲಿಂಪಿಕ್ಸಿನಲ್ಲಿ ಸ್ಪೇನ್ ಹೊಡೆದ 9 ಗೋಲುಗಳಲ್ಲಿ 4 ಸೆಸೂಮಗಾನವು. ಪಿಚಿಚಿಯದು ಹಾಲೆಂಡಿನೆದುರು ಬೆಳ್ಳಿಪದಕವನ್ನು ತಂದ 3–1ರ ಪಂದ್ಯದಲ್ಲಿ ಹೊಡೆದ ಒಂದು. ಈ ಒಂದನ್ನು ಕ್ಷೀಣತೆಯ ಗುರುತೆಂದು ಬಗೆಯಬೇಕಾದರೆ, ಆತನ ಹೊಣೆ ಏನಿದ್ದಿತೆಂಬುದನ್ನು ಮೊದಲು ಕೇಳಬೇಕಾಗಿದ್ದಿತು. (ಸಾಹಿತಿ ಉನಾಮುನೊ ಅವರೊಡನೆ ಆತನಿಗೆ ತಾಯಿಯ ಮನೆತನದ ಕಡೆಯಿಂದಿದ್ದ ನಂಟನ್ನು ವಿಸ್ತರಿಸಿ ಬರೆಯುವ ಪಂಡಿತರು ಈ ಪ್ರಶ್ನೆಗೆ ಒಂದು ಪಂಕ್ತಿಯನ್ನಾದರೂ ಮೀಸಲಿಡಬಹುದಾಗಿದ್ದಿತು.)

ಗೋಲುಗಳ ಲೆಕ್ಕವಾದರೂ ನಿಸ್ಸಂದಿಗ್ಧವಲ್ಲ. 89 ಪಂದ್ಯಗಳಲ್ಲಿ 83 ಗೋಲುಗಳೆಂಬ ರೂಢಿಯ ಸಂಖ್ಯೆಯನ್ನು ಲೀಗಿನ ಸಂಖ್ಯೆಗಳ ಪಕ್ಕದಲ್ಲಿಟ್ಟು ಹೋಲಿಸುವುದು ಅನುಚಿತ, ಏಕೆಂದರೆ ಅಂದಿನ ಸ್ಪರ್ಧೆಗಳೆಂದರೆ ಪ್ರಾದೇಶಿಕ ಚಾಂಪಿಯನ್‌ಶಿಪ್ ಮತ್ತು ರಾಜನ ಹೆಸರಿನ ಕಪ್ ಮಾತ್ರ. ಜನಮನದಲ್ಲಿ ಉಳಿದ ಆತನ ಗೋಲಾದರೋ 1913ರ ಆಗಸ್ಟ್ 21ರಂದು ರೇಸಿಂಗ್ ದೆ ಇರೂನ್ ತಂಡದೆದುರು ಹೊಡೆದ, ಸಾನ್ ಮಾಮೆಸ್ ಕ್ರೀಡಾಂಗಣದ ಮೊತ್ತಮೊದಲ ಗೋಲು. ಅದು ಉದ್ಘಾಟನೆಯ ಪಂದ್ಯವೇ ಹೊರತು ಚಾಂಪಿಯನ್‌ಶಿಪ್ಪಿನ ಪಂದ್ಯವಾಗಿರಲಿಲ್ಲ.

ಪಿಚಿಚಿ ಸೆಂಟರ್ ಫಾರ್ವರ್ಡ್ ಎಂಬ ಭ್ರಾಂತಿಯ ಮೂಲ ನನ್ನ ಅಭಿಪ್ರಾಯದಲ್ಲಿ ಥಾರ್ರಾ. 24 ಗೋಲುಗಳಿಂದ ಮೊದಲ ಪಾರಿತೋಷಕವನ್ನು ಪಡೆದ ಆತನೂ ಪಿಚಿಚಿಯಂತೆ ಬಿಲ್ಬಾವೊದ ಅಥ್ಲೆಟಿಕ್ ಕ್ಲಬ್ಬಿನವನೇ, ಆತನಾದರೋ ನಿಜವಾದ ಸೆಂಟರ್ ಫಾರ್ವರ್ಡ್. ಆತನ ರೂಪವನ್ನೇ ಮೂವತ್ತು ವರ್ಷಗಳಷ್ಟು ಹಿಂದಕ್ಕೆ ಸರಿಸಿ ಪಿಚಿಚಿಗೆ ಆರೋಪಿಸಿದಂತೆ ತೋರುತ್ತದೆ. 1915ರ ಕಪ್ ಫೈನಲಿನಲ್ಲಿ ಎಸ್ಪಾನ್ಯೋಲ್ ತಂಡವನ್ನು 5–0ರಿಂದ ಸೋಲಿಸಿದಾಗ ಪಿಚಿಚಿ ಮೂರು ಗೋಲು ಹೊಡೆದನೆಂಬುದನ್ನು ಪ್ರತಿವಾದಿಗಳು ಮುಂದಿಡಬಹುದು. ಗೋಲು ಹೊಡೆಯಬಲ್ಲವನಾಗಿದ್ದನೆಂಬುದಕ್ಕೆ ಅದು ಪ್ರಮಾಣ, ಎಲ್ಲಿ ನಿಂತು ಆಡುತ್ತಿದ್ದನೆಂಬುದಕ್ಕಲ್ಲ. ಐವರ ಸಾಲಿನಲ್ಲಿ ಆತನನ್ನು ಮೂರನೆಯವನಾಗಿ ನಿಲ್ಲಿಸಿದ ಸಮಕಾಲೀನ ಪಟ್ಟಿಗಳನ್ನು ಅವರು ತೋರಿಸಲಿ. ಅಲ್ಲಿಯವರೆಗೆ, ಆಂಟ್‌ವರ್ಪಿನ ಪದಕ ಗೆದ್ದ ಪಿಚಿಚಿಯನ್ನು ಇನ್‌ಸೈಡ್ ಲೆಫ್ಟ್ ಎಂದೇ ಬರೆಯತಕ್ಕದ್ದು.